ಮಿಶ್ರಿ ತಂಬಾಕಲ್ಲ

ಗಂಗಾದೇವಿ ಶೇಂಗಾ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿದ ದಿನವೇ ಅಲ್ಲಾಳಸಂದ್ರದ ಆ ಬಾಡಿಗೆ ಮನೆಯಲ್ಲಿ ಇಬ್ಬರು ವೈದ್ಯರು ಹುಟ್ಟಿಕೊಂಡರು. ಒಬ್ಬರು ಗಂಡ ಶೇಖರಪ್ಪ, ಇನ್ನೊಬ್ಬ ಮಗ ಶರಣು. ಇಬ್ಬರ ವಿದ್ಯೆಯೂ ಅಂಗೈಯಲ್ಲೇ ಇತ್ತು. ಚಾರ್ಜ್ ಮುಗಿದರೆ ವಿದ್ಯೆಯೂ ಮುಗಿಯುತ್ತಿತ್ತು.

ಗಂಗಾದೇವಿಯ ಕೆಳತುಟಿಯ ಒಳಗೆ ಬಿಳಿ ಕಲೆಯೊಂದು ಎದ್ದಿತ್ತು. ಖಾರ ತಗುಲಿದರೆ ಉರಿ. ಅದನ್ನು ಮೊದಲು ಕಂಡು ಹೆದರಿದವಳು ಮಗಳು ರಕ್ಷಾ. ಆದರೆ ಅವಳು ಬಾಯಿ ಬಿಟ್ಟರೆ ಮನೆಯವರೇ ಟಿವಿ ಸದ್ದು ತಗ್ಗಿಸಿ ನೋಡುವಷ್ಟು ಕಡಿಮೆ ಮಾತಿನವಳು. ಸೋಫಾದ ಮೂಲೆಯಲ್ಲಿ ಕೂತು ಗಂಡಸರ ಸಂಶೋಧನೆ ನೋಡಿದಳು.

ಶೇಖರಪ್ಪ ವಿಡಿಯೊಗಳ ಪಂಡಿತರು. ಕೊಬ್ಬರಿ ಎಣ್ಣೆ ಮುಕ್ಕಳಿಸಿ ಎಂದವನನ್ನೂ ನಂಬಿದರು, ಎಣ್ಣೆ ಮುಟ್ಟಲೇಬೇಡಿ ಎಂದವನನ್ನೂ ನಂಬಿದರು. ಮಾತಾಡುವವನು ಬಿಳಿ ಕೋಟು ತೊಟ್ಟಿದ್ದರೆ ಸಾಕು, ಕಾಲರಿನಲ್ಲಿ ಅಂಗಡಿಯ ಬೆಲೆಚೀಟಿ ನೇತಾಡುತ್ತಿದ್ದರೂ ಅಡ್ಡಿಯಿಲ್ಲ. ಶರಣು ಇಂಗ್ಲಿಷಿನಲ್ಲಿ ಹುಡುಕುತ್ತಿದ್ದನಾದ್ದರಿಂದ ಅಪ್ಪನನ್ನು ಕಂಡು ನಗುತ್ತಿದ್ದ. 'ಬಾಯಲ್ಲಿ ಬಿಳಿ ಕಲೆ' ಎಂದು ಕೇಳಿ, ಬಂದ ಉತ್ತರ ಹಿಡಿಸದೆ, 'ಅಪಾಯವಿಲ್ಲದ ಬಿಳಿ ಕಲೆ' ಎಂದು ಕೇಳಿದ. ಹೋಟೆಲಿನಲ್ಲಿ ಖಾರ ಕಮ್ಮಿ ಹಾಕಿ ಅಂದಂತೆ. ಫೋನೂ ಹಾಗೇ ಬಡಿಸಿತು.

ಒಂದು ಜಾಲತಾಣ ಮಾತ್ರ ತಿರುಗಿ ಕೇಳಿತು: ತಂಬಾಕಿನ ಅಭ್ಯಾಸವಿದೆಯೇ? ಶರಣು ಅವ್ವನ ಕಡೆ ತಿರುಗಿಯೂ ನೋಡದೆ 'ಇಲ್ಲ' ಒತ್ತಿದ. ವಿಟಮಿನ್ ಕೊರತೆ ಇರಬಹುದು ಎಂಬ ತೀರ್ಪು ಬಂತು. ಮನೆಯಲ್ಲಿ ಹಬ್ಬದ ಕಳೆ.

ರಕ್ಷಾಳ ಕಣ್ಣು ಬಚ್ಚಲ ಕಿಟಕಿಯ ಡಬ್ಬಿಯ ಕಡೆ ಹೋಯಿತು. ಅದರಲ್ಲಿ ಮಿಶ್ರಿ: ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ಊರಿಗೆ ಹೋದಾಗಲೆಲ್ಲ ಶೇಖರಪ್ಪನವರೇ ತರುತ್ತಿದ್ದರು. ಅವ್ವ ದಿನಾ ಬೆಳಗ್ಗೆ ಅದರಲ್ಲಿ ಹಲ್ಲು ತಿಕ್ಕಿ, ಚೂರು ಪುಡಿಯನ್ನು ಕೆಳತುಟಿಯಲ್ಲಿ ಒತ್ತಿಕೊಂಡು ಕೂರುತ್ತಿದ್ದಳು.

"ಅಣ್ಣಾ, ಮಿಶ್ರಿ ತಂಬಾಕಲ್ಲೇನು?"

ಟಿವಿ ಸದ್ದು ತಗ್ಗಿತು.

"ತಂಬಾಕು ಗಂಡಸರು ತಿಂತಾರ," ಎಂದಳು ಗಂಗಾದೇವಿ. "ನಾ ಹಲ್ಲ ತಿಕ್ಕತೀನಿ."

ಶರಣು ಅದು ಟೂತ್ ಪೌಡರ್ ಲೆಕ್ಕಕ್ಕೆ ಬರುತ್ತದೆಂದ. ಇಂಥದನ್ನೆಲ್ಲ ಮಂದಿ ಮುಂದೆ ಆಡಬೇಡವೆಂದು ಶೇಖರಪ್ಪ ಮಗಳನ್ನು ಗದರಿದರು. ಫೋನು ಅಷ್ಟು ಓದಿದವರಿಗೆ ತಮ್ಮ ಬಚ್ಚಲ ಕಿಟಕಿ ಓದಲು ಬಂದಿರಲಿಲ್ಲ.

ಶರಣು ತಂದುಕೊಟ್ಟ ವಿಟಮಿನ್ ಮಾತ್ರೆ ಮುಗಿಯುವ ಹೊತ್ತಿಗೆ ಚಟ್ನಿಯ ಪಕ್ಕಕ್ಕೆ ಸಾರೂ ಸರಿದಿತ್ತು. ಅವ್ವ ಬರಿಯ ಮೊಸರನ್ನ ಉಣ್ಣುವುದನ್ನು ನೋಡಲಾರದೆ ರಕ್ಷಾ ಯಲಹಂಕದ ಹಲ್ಲಿನ ಡಾಕ್ಟರ ಬಳಿ ಸಮಯ ಕಾದಿರಿಸಿದಳು. ಫೋನಿನಲ್ಲೇ. ಯಾರ ಜೊತೆಗೂ ಮಾತಾಡಬೇಕಿಲ್ಲವಲ್ಲ, ಅದೊಂದು ಉಪಕಾರ.

ಗಂಡಸರಿಬ್ಬರೂ ಜೊತೆಗೆ ಹೊರಟರು, ಡಾಕ್ಟರಿಗೆ ತಿಳಿಸಿಕೊಡಲು. ಆಕೆ ಇಬ್ಬರ ಪಾಂಡಿತ್ಯವನ್ನೂ ತಾಳ್ಮೆಯಿಂದ ಕೇಳಿ, ಗಂಗಾದೇವಿಯ ತುಟಿ ಮಡಿಸಿ ನೋಡಿದರು.

"ತಂಬಾಕು, ಗುಟ್ಕಾ ಏನಾದ್ರೂ ಅಭ್ಯಾಸ ಇದ್ಯಾ?"

"ಇಲ್ರೀ." ಮೂವರದೂ ಒಂದೇ ದನಿ. ತಾವು ಅಂಥ ಮನೆತನದವರಲ್ಲವೆಂದು ಶೇಖರಪ್ಪ ಬೇರೆ ಸೇರಿಸಿದರು.

ರಕ್ಷಾ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಇದು. ದಿನಾ."

ಡಾಕ್ಟರು ಮುಚ್ಚಳ ತೆಗೆದು ಮೂಸಿ, ಮುಚ್ಚಿದರು. ಇವತ್ತಿನಿಂದಲೇ ನಿಲ್ಲಿಸಬೇಕು, ಕಲೆಯಿಂದ ಚೂರು ಕೊಯ್ದು ಪರೀಕ್ಷೆಗೆ ಕಳಿಸಬೇಕು, ಅದು ಏನೆಂದು ಆಮೇಲೆ ಹೇಳಬಹುದು ಎಂದರು.

ಆಟೋ ಮನೆಯ ಕಡೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಶರಣುವಿನ ಹೆಬ್ಬೆರಳು ಆಡತೊಡಗಿತು. ರಕ್ಷಾ ಬಗ್ಗಿ ನೋಡಿದಳು. 'ಮಿಶ್ರಿಯ ಲಾಭಗಳು' ಎಂದು ಹುಡುಕುತ್ತಿದ್ದ.

"ಲಾಭ ಭಾಳ ಅದಾವ ನೋಡಪ್ಪ," ಎಂದು ಫೋನನ್ನು ಅಪ್ಪನ ಕಡೆ ತಿರುಗಿಸಿದ. ಶೇಖರಪ್ಪ ಆತುರದಿಂದ ಕನ್ನಡಕ ಏರಿಸಿದರು.

ಗಂಗಾದೇವಿ ರೂಢಿಯಂತೆ ಮಗಳ ಕಡೆ ಕೈ ಚಾಚಿದಳು. "ಡಬ್ಬಿ ಕೊಡು."

"ಡಾಕ್ಟ್ರ ಟೇಬಲ್ ಮ್ಯಾಲೇ ಬಿಟ್ಟೆ."

ಚಾಚಿದ ಕೈ ಒಂದಿಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಅದೇ ಕೈ ಮಗನ ಫೋನನ್ನು ಮೆಲ್ಲಗೆ ಕೆಳಕ್ಕೆ ಒತ್ತಿತು.

"ಮುಚ್ಚೋ ಅದನ್ನ," ಎಂದಳು ಗಂಗಾದೇವಿ. ಮಗಳ ಕಡೆ ತಿರುಗಿದಳು. "ಕೊಯ್ಯೂದು ಯಾವತ್ತಂದ್ರವ್ವಾ ರಕ್ಷಾ?"