ಕೊಳೆಯದ ಬಟ್ಟೆ

ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಭರಣಿ ಮಳೆಗೆ ಮುಂಚೆ ಗೊಬ್ಬರ ಹೊಲ ಸೇರಬೇಕೆಂದು ಆಂಧ್ರದ ಗಡಿಯ ರೊಳ್ಳದ ಸುತ್ತಿನ ಊರುಗಳಲ್ಲೆಲ್ಲ ತಿಪ್ಪೆ ಅಗೆಯುವ ಕೆಲಸ ನಡೆದಿತ್ತು. ಆ ಭಾನುವಾರ ಹೊತ್ತೇರುವ ಮೊದಲೇ ಪಾಪಕ್ಕನ ಹಿತ್ತಲಿಗೂ ಬೋರಣ್ಣನ ಟ್ರ್ಯಾಕ್ಟರ್ ಬಂದು ನಿಂತಿತು. ಸುಗ್ಗಿಯಲ್ಲಿ ಅವನು ಎರಡು ಲೋಡು ರಾಗಿಹುಲ್ಲು ಹಾಕಿ, "ದುಡ್ಡು ಬ್ಯಾಡ ಕಣಕ್ಕ, ನಮ್ಮ ಹಿಪ್ಪುನೇರಳೆಗೆ ನಾಲ್ಕು ಲೋಡು ಗೊಬ್ಬರ ಕೊಡು, ಸಾಕು" ಎಂದಿದ್ದ. ಆ ಹುಲ್ಲನ್ನು ಪಾಪಕ್ಕನ ಮೂರು ಸೀಮೆಹಸುಗಳು ಆಗಲೇ ತಿಂದು ಮುಗಿಸಿದ್ದವು.

ಬೋರಣ್ಣ ತಿಪ್ಪೆಗೆ ಗುದ್ದಲಿ ಹಾಕಿ ಎಳೆದ. ಬರಲಿಲ್ಲ. ಕಾಲು ಊರಿ ಜಗ್ಗಿದ. ಗೊಬ್ಬರದ ಜೊತೆ ಕೆಂಪು, ನೀಲಿ, ಹಳದಿ ಬಟ್ಟೆಯ ಉದ್ದುದ್ದ ಚೂರುಗಳು ಕರುಳಿನಂತೆ ಸುರುಳಿ ಸುತ್ತಿ ಬಂದವು.

"ಏನಕ್ಕ ಇದು? ನಿನ್ನ ಹಸ ಸಗಣಿ ಹಾಕ್ತವೋ, ಸೀರೆ ನೇಯ್ತವೋ?"

ಪಾಪಕ್ಕನಿಗೆ ನಗು ಬರಲಿಲ್ಲ. ಸೊಸೆ ಮಮತಾ ಹಿಂದೂಪುರದ ಕಡೆಯ ಗಾರ್ಮೆಂಟಿಗೆ ಸೇರಿದ ಮೇಲೆ ಹಸುಗಳ ಕೆಳಗೆ ಹಾಸಲು ಕಡಲೆಕಾಯಿ ಹೊಟ್ಟು ಹೊತ್ತು ತರುವವರಿರಲಿಲ್ಲ. ಕಟಿಂಗ್ ಆಗಿ ಉಳಿದ ಚೂರುಗಳು ಪುಕ್ಕಟೆ ಸಿಗುತ್ತವೆಂದು ಮಮತಾ ಮೂಟೆ ಕಟ್ಟಿ ತಂದಳು. ಗಂಜಲ ಹೀರುತ್ತಿತ್ತು, ಹಸು ಜಾರುತ್ತಿರಲಿಲ್ಲ. ಹಳೆ ಸೀರೆ ತಿಪ್ಪೆಗೆ ಬಿದ್ದರೆ ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣಾಗುವುದನ್ನು ಪಾಪಕ್ಕ ಕಂಡಿದ್ದಳು. ಇದೂ ಹಾಗೇ ಅಂದುಕೊಂಡಳು. ಒಂದು ವರ್ಷ ಹೂತಿದ್ದರೂ ಈ ಬಟ್ಟೆಯ ಬಣ್ಣ ಕೂಡ ಮಾಸಿರಲಿಲ್ಲ.

"ಇದು ಹತ್ತಿ ಅಲ್ಲಕ್ಕ, ಪ್ಲಾಸ್ಟಿಕ್ ನೂಲು. ತೋಟಕ್ಕೆ ಹಾಕಿದ್ರೆ ನೇಗ್ಲಿಗೆ ಸುತ್ಕಂತದೆ, ನನ್ನ ಮಕ್ಕಳ ಕಾಲಕ್ಕೂ ಕೊಳೆಯಲ್ಲ."

"ಥೂ, ನನ್ನ ಬುದ್ಧಿಗಿಷ್ಟು!" ಪಾಪಕ್ಕ ಹಣೆ ಚಚ್ಚಿಕೊಂಡಳು.

ಮಮತಾ ಒಳಗಿನಿಂದ ಬಂದಳು. "ನಾನೇನು ಬೇಕಂತ ತಂದ್ನಾ ಅತ್ತೆ? ಐದೂವರೆಗೆ ಬಸ್ಸು ಹತ್ತಬೇಕು. ಹಸ ಜಾರಿ ಬಿದ್ದಿದ್ರೂ ನನ್ನೇ ಬಯ್ತಿದ್ರಿ."

"ನಿನ್ನ ಯಾರೇ ಅಂದೋರು? ಬಾ, ಆರಿಸು."

ಮೂವರೂ ಕುಳಿತು ಆರಿಸಿದರು. ಬಿಸಿಲು ನೆತ್ತಿಗೆ ಬಂದರೂ ಶುದ್ಧವಾದ ಗೊಬ್ಬರ ಎರಡು ಮಂಕರಿ ದಾಟಲಿಲ್ಲ. ಬೋರಣ್ಣ ಕೈ ಕೊಡವಿ ಎದ್ದ.

"ಹೋದ ವಾರ ನಿಮ್ಮ ಹೊಲಕ್ಕೆ ಗೊಬ್ಬರದ ಗುಡ್ಡೆ ಹೊಡೆದ್ರಲ್ಲ, ಅದ್ರಾಗೂ ಬಟ್ಟೆ ಐತಾ?"

ಐತೆ ಅಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ತಿಪ್ಪೆಯ ಹಳೇ ಮೂಲೆಯದು, ಟೀ ಪುಡಿಯಂತೆ ಕಪ್ಪಗೆ ಉದುರುದುರಾಗಿದ್ದ ನಾಲ್ಕೇ ಲೋಡು. ಎರಡು ವರ್ಷ ಬರೀ ಚೀಲದ ಗೊಬ್ಬರ ತಿಂದು ಹೆಂಚಿನಂತಾದ ನೆಲಕ್ಕೆ ಪಾಪಕ್ಕ ಅದನ್ನೇ ನಂಬಿದ್ದಳು.

"ಇಲ್ಲ. ಅದು ಬಟ್ಟೆ ಬರೋಕೆ ಮುಂಚಿನ್ದು. ತುಂಬ್ಕಂಡು ಹೋಗು."

"ಅತ್ತೆ, ನಮ್ಮ ಕಡ್ಲೆಕಾಯಿಗೆ?"

"ಹುಲ್ಲು ತಿಂದಾಯ್ತಲ್ಲ!"

ಬೋರಣ್ಣ ತಲೆ ಕೆರೆದುಕೊಂಡ. "ಎರಡು ಲೋಡು ಸಾಕು ಬಿಡಕ್ಕ."

"ನಾಲ್ಕು ಅಂದ್ರೆ ನಾಲ್ಕೇ. ಬರೋ ಸುಗ್ಗಿಗೆ ನಿನ್ನ ಹತ್ರ ಯಾವ ಮುಖ ಇಟ್ಕಂಡು ಹುಲ್ಲು ಕೇಳ್ಲಿ? ಪುಣ್ಯ ಕಟ್ಕಳಾಕೆ ಬರಬ್ಯಾಡ, ಹೋಗು."

ಸಂಜೆಯೊಳಗೆ ನಾಲ್ಕನೇ ಲೋಡೂ ಅವನ ತೋಟ ಸೇರಿತು. ಪಾಪಕ್ಕನ ಹೊಲದಲ್ಲಿ ಗುಡ್ಡೆಗಳಿದ್ದ ಕಡೆ ಕಪ್ಪು ಗುರುತುಗಳಷ್ಟೇ ಉಳಿದವು. ಅವಳು ಅಲ್ಲಿಂದಲೇ ಸೊಸೆಗೆ ಕೂಗಿ ಹೇಳಿದಳು, ನಾಳೆ ಡಿಎಪಿ ಗೊಬ್ಬರದ ಚೀಲ ವಿಚಾರಿಸಿಕೊಂಡು ಬಾ ಎಂದು.