ಇವತ್ತೊಂದಿನ ಒಳಗ ಬಾ

ಗುರುಬಸವರಾಜ ಮೇಷ್ಟ್ರಿಗೆ ಇಂಗ್ಲಿಷ್ ಎಂದರೆ ಸ್ವಂತ ಹೊಲ ಇದ್ದ ಹಾಗೆ. ಇಪ್ಪತ್ತೆರಡು ವರ್ಷ ಹರಪನಹಳ್ಳಿಯ ಹೈಸ್ಕೂಲೊಂದರಲ್ಲಿ ಅದನ್ನೇ ಉತ್ತು ಬಿತ್ತಿದವರು. ಅದರೊಳಗೆ ಇನ್ನೊಬ್ಬರು ಕಾಲಿಟ್ಟರೆ ಸಹಿಸುತ್ತಿರಲಿಲ್ಲ. ಅಂಥವರು ಈ ಜೂನಿನಲ್ಲಿ ಹೊಸದಾಗಿ ಬಂದ ಇಂಗ್ಲಿಷ್ ಟೀಚರ್ ಪ್ರಿಯಾಳನ್ನು ಬಾಯ್ತುಂಬ ಹೊಗಳಿದಾಗ ಸ್ಟಾಫ್ ರೂಮಿನವರಿಗೇ ಆಶ್ಚರ್ಯವಾಯಿತು. ಪ್ರಿಯಾ ಅವರದೇ ಹಳ್ಳಿಯವಳು, ಕೇರಿಯ ಹುಲುಗೇಶನ ಮಗಳು. ಮೇಷ್ಟ್ರ ಹೊಲದ ಬೋರಿನ ಮೋಟರ್ ಕೆಟ್ಟಾಗಲೆಲ್ಲ ಬಂದು ರಿಪೇರಿ ಮಾಡುತ್ತಿದ್ದವನು ಆ ಹುಲುಗೇಶನೇ.

ಸ್ವಾಗತ ಸಭೆಯಲ್ಲಿ ಮೇಷ್ಟ್ರು ಮೈಕು ಹಿಡಿದು, “ಪ್ರಿಯಾ ಮೇಡಂ ಈಸ್ ದಿ ಎಕ್ಸೆಪ್ಷನ್ ದಟ್ ಪ್ರೂವ್ಸ್ ದ ರೂಲ್” ಎಂದರು. ಕೇರಿಯಿಂದ ಬಂದೂ ಇಷ್ಟು ಓದಿದಳಲ್ಲ, ನೂರಕ್ಕೊಬ್ಬಳು ಎಂಬುದು ಅವರ ಭಾವ. ಚಪ್ಪಾಳೆ ಬಿತ್ತು. ಪ್ರಿಯಾ ಮಾತ್ರ ಕೈಯಲ್ಲಿದ್ದ ಹಾರವನ್ನೇ ನೋಡುತ್ತ ಕೂತಳು. ನಾಚಿಕೆ ಇರಬೇಕು ಎಂದುಕೊಂಡರು ಮೇಷ್ಟ್ರು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವವರಿಗೆ ಎದುರಿನವರ ಮುಖ ಎಲ್ಲಿ ಕಾಣುತ್ತದೆ?

ಅಷ್ಟಕ್ಕೇ ಬಿಡಲಿಲ್ಲ. ಭಾನುವಾರ ಅಪ್ಪ ಮಗಳಿಬ್ಬರನ್ನೂ ಮನೆಗೆ ಊಟಕ್ಕೆ ಕರೆದರು. ತಮ್ಮ ತಾಯಿ ಭರಮಮ್ಮನನ್ನು ಒಪ್ಪಿಸುವುದಕ್ಕೆ ಮೂರು ದಿನ ಹಿಡಿಯಿತು. ಕೊನೆಗೆ ಮುದುಕಿ ಪೆಟ್ಟಿಗೆಯಿಂದ ಹಿರಿಯರ ಕಾಲದ ಕರಿ ಕಂಬಳಿ ತೆಗೆದು ಪಡಸಾಲೆಯಲ್ಲಿ ಹಾಸಿದಳು. ಕುರಿ ಸಾಕಿ ಬಾಳಿದ ಮನೆತನದಲ್ಲಿ ಕಂಬಳಿ ಹಾಸಿ ಕೂರಿಸುವುದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಹುಲುಗೇಶ ರೂಢಿಯಂತೆ ಜಗಲಿಯಲ್ಲೇ ನಿಂತ. ಭರಮಮ್ಮ ಬಾಗಿಲಿಗೆ ಬಂದು ಕರೆದಳು.

“ಇವತ್ತೊಂದಿನ ಒಳಗ ಬಾ ಹುಲುಗೇಶ. ನಮ್ಮ ಗುರು ಹೇಳ್ಯಾನ.”

ಮೇಷ್ಟ್ರ ಎದೆ ಉಬ್ಬಿತು. ಊರಿನಲ್ಲಿ ಯಾರೂ ಮಾಡದ್ದನ್ನು ತಾನು ಮಾಡಿದೆ ಎಂಬ ಹೆಮ್ಮೆಯಲ್ಲಿ ತಾವೇ ರೊಟ್ಟಿ ಬಡಿಸಿದರು, ಪುಂಡಿಪಲ್ಯ ಬಡಿಸಿದರು, ಬೇಡವೆಂದರೂ ಕೇಳದೆ ಬೆಣ್ಣೆ ಹಾಕಿದರು.

ಊಟದ ನಡುವೆ ಮೇಷ್ಟ್ರ ಮಗಳು ಶೃತಿ ಬಾಯಿ ಹಾಕಿದಳು. ಹತ್ತನೇ ಕ್ಲಾಸಿನವಳು, ಅದೇ ಹೈಸ್ಕೂಲು. ಸಭೆಯಲ್ಲಿ ಅಪ್ಪ ಆಡಿದ ಮಾತನ್ನು ಅವಳು ಚರ್ಚಾಸ್ಪರ್ಧೆಗೆಂದು ಬರೆದಿಟ್ಟುಕೊಂಡಿದ್ದಳಂತೆ, ಆದರೆ ಒಂದು ಸಂಶಯ. ನಿಯಮ ಮೀರಿದ್ದು ಅದೇ ನಿಯಮವನ್ನು ಸಾಬೀತು ಮಾಡುವುದು ಹೇಗೆ? ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, ಮೇಡಂ ಹೇಳಲಿ ಎಂದರು.

ಪ್ರಿಯಾ ಸ್ವಲ್ಪ ಹಿಂಜರಿದಳು. ಬಹಳ ಜನ ಅದನ್ನು ತಪ್ಪಾಗಿ ಬಳಸುತ್ತಾರೆ, ಕಾಲೇಜಿನಲ್ಲಿ ತಾನೂ ಬಳಸಿದ್ದೆ ಎಂದಳು. ಮೂಲದಲ್ಲಿ ಅದು ಲ್ಯಾಟಿನ್ನಿನ ಹಳೆಯ ಕಾನೂನಿನ ಮಾತು. ಗುಂಪಿನಲ್ಲಿ ಒಬ್ಬರು ಬೇರೆಯಾಗಿದ್ದರೆ ಉಳಿದವರು ಹೀಗೇ ಎಂದು ಅದರ ಅರ್ಥವಲ್ಲ.

“ಹೊಲದಾಗ ‘ಅಮಾಸಿ ದಿನ ಕುರಿ ಬಿಡಬಹುದು’ ಅಂತ ಬೋರ್ಡ್ ಹಾಕ್ಯಾರ ಅನ್ಕೋ. ಉಳಿದ ದಿನ ಬಿಡಂಗಿಲ್ಲ ಅಂತ ಬ್ಯಾರೆ ಬರಿಯೋದ ಬ್ಯಾಡ. ಒಂದಿನ ಬಿಟ್ಟಿದ್ದ ಉಳಿದ ದಿನಕ್ಕ ಸಾಕ್ಷಿ.”

ಶೃತಿಯ ಕಣ್ಣು ಅರಳಿತು. “ಅಜ್ಜಿ ‘ಇವತ್ತೊಂದಿನ ಒಳಗ ಬಾ’ ಅಂದ್ಲಲ್ಲ, ಹಂಗ.”

ಪ್ರಿಯಾ ತಲೆ ಎತ್ತಲಿಲ್ಲ. ಹುಲುಗೇಶನೇ ಒಂದು ತುತ್ತು ನುಂಗಿ, ಪಲ್ಯ ಚಲೋ ಆಗಿದೆ ಎಂದು ಭರಮಮ್ಮನಿಗೆ ಹೇಳಿ ಮನೆಯವರ ಮಾನ ಉಳಿಸಿದ. ಅದೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಬಾಗಿಲಾಚೆ ಜಗಲಿಯ ಗೂಡು ಕಾಣುತ್ತಿತ್ತು. ಅದರಲ್ಲಿ ಅಂಚು ನೆಗ್ಗಿದ ಒಂದು ಸ್ಟೀಲ್ ಲೋಟ. ಹುಲುಗೇಶ ಬಂದಾಗ ಅದನ್ನು ತಾನೇ ತೆಗೆದು ಹಿಡಿಯಬೇಕು, ಮೇಲಿನಿಂದ ನೀರು ಹುಯ್ಯುತ್ತಾರೆ, ಅವನೇ ತೊಳೆದು ಇಡಬೇಕು. ಅಲ್ಲಿಟ್ಟವಳು ತಾಯಿ ನಿಜ. ದಿನಾ ಅದರ ಪಕ್ಕದಲ್ಲೇ ಚಪ್ಪಲಿ ಮೆಟ್ಟಿ ಶಾಲೆಗೆ ಹೋಗುತ್ತ, ಮಕ್ಕಳಿಗೆ ಸಮಾನತೆಯ ಮೇಲೆ ಪ್ರಬಂಧ ಬರೆಸಿದವರು ಮಾತ್ರ ತಾವೇ. ಮೈಕಿನ ಮುಂದೆ ಆಡಿದ ಮಾತೂ ಈಗ ಕಿವಿಯಲ್ಲಿ ಮೊಳಗಿತು. ಒಬ್ಬಳನ್ನು ಹೊಗಳುವ ನೆಪದಲ್ಲಿ ಇಡೀ ಕೇರಿಯನ್ನು, ಅವಳ ಅಪ್ಪನನ್ನೂ ಸೇರಿಸಿ, ಹೀನಾಯ ಮಾಡಿದ್ದರು. ಮೇಷ್ಟ್ರಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ.

ಸಂಜೆ ಆ ಲೋಟವನ್ನು ತೆಗೆದು ಅಡಿಗೆಮನೆಯ ಲೋಟಗಳ ಸಾಲಿನಲ್ಲಿಟ್ಟರು. ಭರಮಮ್ಮ ಗೊಣಗಿದಳು, ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಒಂದು ಲೋಟ ಎತ್ತಿಟ್ಟರೆ ಮುಗಿಯಿತು ಎಂಬ ಸಮಾಧಾನವೂ ಒಳಗೊಳಗೇ ಇತ್ತು.

ಬುಧವಾರ ಮೋಟರ್ ಕೆಟ್ಟಿತು. ಹುಲುಗೇಶ ರಿಪೇರಿ ಮುಗಿಸಿ, ಬಿಸಿಲಲ್ಲಿ ನಡೆದು ಜಗಲಿಗೆ ಬಂದ. ಕೈ ತಾನಾಗಿ ಗೂಡಿಗೆ ಹೋಯಿತು. ಲೋಟ ಇಲ್ಲ. ಮೂಲೆಯವರೆಗೂ ತಡಕಾಡಿದ.

“ಒಳಗ ಬಾ ಹುಲುಗೇಶಣ್ಣ, ನೀರು ಕುಡಿವಂತಿ” ಎಂದರು ಮೇಷ್ಟ್ರು. ತಮಗಿಂತ ದೊಡ್ಡವನನ್ನು ಅಣ್ಣ ಎಂದದ್ದು ಅದೇ ಮೊದಲು.

ಹುಲುಗೇಶ ಗ್ರೀಸು ಹತ್ತಿದ ಕೈಯನ್ನು ಟವೆಲಿಗೆ ಒರೆಸಿಕೊಂಡ. ಅವನ ಮುಖದಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ.

“ಇವತ್ತೇನು ವಿಶೇಷ ಐತ್ರಿ ಮೇಷ್ಟ್ರ?”

ಮೇಷ್ಟ್ರು ಬಾಗಿಲಿನ ಒಂದು ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ನಿಂತರು. ಹುಲುಗೇಶ ಉತ್ತರಕ್ಕೆ ಕಾಯುತ್ತ ಜಗಲಿಯ ಮೇಲೇ ನಿಂತಿದ್ದ.