ಕೆರೆಯೊಳಗಿನ ಊರು

ಪದ್ಮಶ್ರೀ ಆ ಆಟವನ್ನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ, ಕಾಲೇಜಿನ ಗೆಳತಿ ದಿವ್ಯಳ ಮನೆಯಲ್ಲಿ. ತೊಂಬತ್ತೈದನೇ ಇಸವಿಯ ಬೇಸಿಗೆ. ಊಟದ ಮೇಜಿನ ಮೇಲೆ ಒಂದಿಷ್ಟು ಕಾಗದ, ದಾಳ, ಆಟದ ಒಂದು ಪುಸ್ತಕ, ಅಷ್ಟೇ. ದಿವ್ಯ ಒಂದು ಹೊಳೆಯನ್ನು ಬಣ್ಣಿಸುತ್ತಿದ್ದಳು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಆ ಹೊಳೆಯ ದಡದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತಿದ್ದರು. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಉರುಳಿಸುತ್ತಿದ್ದರು. ಒಬ್ಬ ಹುಡುಗ "ಈಜ್ತೀನಿ" ಅಂದು ದಾಳ ಹಾಕಿ ಸೋತ. ಪಕ್ಕದಲ್ಲಿದ್ದವರು ಅವನನ್ನು ಎಳೆದುಕೊಳ್ಳಲು ನಿಜವಾಗಿಯೂ ಕೈ ಚಾಚಿದರು. ಸುಮ್ಮನೆ ನೋಡುತ್ತಾ ಕೂತಿದ್ದ ಪದ್ಮಶ್ರೀ, ನೆಲದ ಮೇಲೆ ನೀರು ಬಂತೇನೋ ಅನ್ನುವ ಹಾಗೆ, ಕಾಲು ಮೇಲಕ್ಕೆಳೆದುಕೊಂಡಿದ್ದಳು.

ಊರಿಗೆ ಮರಳುವಾಗ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಅವಳಿಗೆ ಅದೇ ಧ್ಯಾನ. ತಾನೂ ಇದನ್ನು ಆಡಿಸಬೇಕು.

ಆಡುವವರು ಯಾರು? ಮನೆಯಲ್ಲಿ ಅಣ್ಣ ರವಿಶಂಕರ, ಅಜ್ಜಿ ನಾರಾಯಣಮ್ಮ, ಅಪ್ಪ ಕೋದಂಡರಾಮಯ್ಯ. ಅಣ್ಣ ಒಪ್ಪಿದ. ಅಜ್ಜಿ "ಕತೆ ಅಂದ್ಮೇಲೆ ನಾನಿಲ್ದೆ ಆಗುತ್ತಾ" ಅಂದಳು. ಪವರ್‌ಲೂಮ್ ನಡೆಸುವ ಅಪ್ಪನನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಗುರುವಾರ ಕರೆಂಟ್ ರಜೆ, ಮಗ್ಗಗಳು ನಿಂತಿರುತ್ತವೆ, ಮಾತು ಕೇಳುತ್ತದೆ. ಹಾಗಾಗಿ ಗುರುವಾರ ಮಧ್ಯಾಹ್ನ ಅಂತ ಗೊತ್ತುಮಾಡಿದಳು.

ಸೀರೆಯ ಅಂಚಿನ ಡಿಸೈನ್ ಬರೆಯುವುದು ಮನೆಯಲ್ಲಿ ಅವಳದೇ ಕೆಲಸ. ಅದೇ ಗ್ರಾಫ್ ಕಾಗದದ ಮೇಲೆ ಆಟದ ನಕ್ಷೆ ಹಾಕಲು ಕೂತಳು. ದಿವ್ಯಳ ಪುಸ್ತಕದಲ್ಲಿದ್ದಂಥ ಕೋಟೆ ಬರೆದು ನೋಡಿದಳು. ಅದರೊಳಗೆ ಅವಳಿಗೆ ಯಾರೂ ಕಾಣಿಸಲಿಲ್ಲ. ಬೇಸರವಾಗಿ ಊರಾಚೆಯ ಕೆರೆಯ ಕಡೆ ನಡೆದಳು.

ಕೆರೆ ಪೂರ್ತಿ ಬತ್ತಿತ್ತು. ಹಸು ಕಟ್ಟಲು ಬಂದಿದ್ದ ಸೊಣ್ಣಪ್ಪ ಬಿಟ್ಟರೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಏರಿಯ ಕೆಳಗೆ, ಗದ್ದೆಗೆ ನೀರು ಬಿಡುವ ತೂಬಿನ ಕಲ್ಲುಬಾಯಿ ತೆರೆದುಕೊಂಡಿತ್ತು. ಬಗ್ಗಿ ಒಳಗೆ ನೋಡಿದಳು. ಸುಡುವ ಬಿಸಿಲಲ್ಲೂ ಅಲ್ಲಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. "ಓ" ಅಂದಳು. ಸ್ವಲ್ಪ ತಡೆದು ಒಳಗಿನಿಂದಲೂ "ಓ" ಬಂತು. ತನ್ನದೇ ದನಿ, ಆದರೆ ಯಾರೋ ವಯಸ್ಸಾದವರು ಕರೆದ ಹಾಗೆ. ಅವಳ ಮೈ ಜುಮ್ಮೆಂದಿತು.

"ಯಾಕಮ್ಮಾ, ಏನ್ ಬಿತ್ತು?" ಎಂದ ಸೊಣ್ಣಪ್ಪ.

"ಏನಿಲ್ಲ ಸೊಣ್ಣಪ್ಪಣ್ಣ, ಸಿಕ್ತು" ಎಂದು ಮನೆಗೆ ಓಡಿದಳು.

ಸಿಕ್ಕಿದ್ದು ಆಟದ ಕತೆ: ಕೆರೆ ಕಟ್ಟುವಾಗ ಮುಳುಗಿದ ಒಂದು ಊರು, ತೂಬಿನ ದಾರಿ, ಒಳಗೆ ಬೀದಿಗಳು, ಕೊನೇ ಮನೆಯ ಹಿಂದೆ ನಿಧಿ. ಯಾರು ಏನು ಕೇಳುತ್ತಾರೆ, ತಾನೇನು ಹೇಳಬೇಕು, ಎಲ್ಲವನ್ನೂ ಬರೆದಳು. ಒಮ್ಮೆ ಅಣ್ಣನ ಮೇಲೆ ಪ್ರಯೋಗಿಸಿದಳು. ತೂಬಿನ ಬಾಯಲ್ಲಿ ನಿಲ್ಲಿಸಿ "ಏನ್ ಮಾಡ್ತೀಯಾ?" ಅಂದರೆ ಅವನು, "ಮನೆಗೆ ಹೋಗಿ ಹಗ್ಗ ತರ್ತೀನಿ" ಅಂದ.

"ಹಗ್ಗ ಇಲ್ಲ ಕಣೋ. ಒಳಗ್ ಹೋಗ್ಬೇಕು ನೀನು."

"ಹಂಗಾದ್ರೆ ನೀನೇ ಹೋಗು" ಎಂದು ಅವನು ಎದ್ದುಬಿಟ್ಟ.

ಪದ್ಮಶ್ರೀಗೆ ಅಳು ಬರುವ ಹಾಗಾಯಿತು. ಎಸ್‌ಟಿಡಿ ಬೂತಿನಿಂದ ದಿವ್ಯಳಿಗೆ ಫೋನ್ ಮಾಡಿದಳು.

"ಅವರು ಏನ್ ಮಾಡ್ಬೇಕು ಅಂತ ನೀನ್ಯಾಕೆ ಬರೀತೀಯೇ?" ಎಂದಳು ದಿವ್ಯ. "ಅಲ್ಲಿ ಏನಿದೆ, ಯಾರಿದಾರೆ, ಅಷ್ಟು ಗೊತ್ತಿರ್ಲಿ. ಉಳಿದಿದ್ದು ಅವರಿಗೆ ಬಿಡು."

ಬರೆದದ್ದನ್ನೆಲ್ಲ ಹರಿದುಹಾಕಿ, ಪದ್ಮಶ್ರೀ ಆ ಊರಿನ ಒಂದೊಂದೇ ಬಾಗಿಲು ತೆರೆದು ನೋಡತೊಡಗಿದಳು. ಒಂದು ಮನೆಯಲ್ಲಿ ಒರಳಿನ ಪಕ್ಕ ನೆನೆಹಾಕಿದ ಅಕ್ಕಿ. ಇನ್ನೊಂದರಲ್ಲಿ ತೊಟ್ಟಿಲು. ಕೊನೇ ಮನೆಯಲ್ಲಿ ನೆಲದ ಗುಂಡಿಗೆ ಕಾಲಿಳಿಬಿಟ್ಟು ನೇಯುವ ಗುಂಡಿಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ. ಊರವರೆಲ್ಲ ಬಾಗಿಲ ಹಿಂದೆ ಇದ್ದಾರೆ, ಯಾವುದೋ ಒಂದು ಸದ್ದಿಗೆ ಕಾಯುತ್ತಿದ್ದಾರೆ. ಯಾವ ಸದ್ದಿಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಗುರುವಾರ ನಡುಮನೆಯಲ್ಲಿ ಚಾಪೆ ಹಾಸಿದಳು. ದಾಳದ ಬದಲು ಅಜ್ಜಿಯ ಕವಡೆ, ಬಾಯ್ತೆರೆದು ಬಿದ್ದರೆ ಗೆಲುವು. ಕೆಲಸವಿಲ್ಲದ ಅಪ್ಪ ಗೋಡೆಗೊರಗಿ, ಕಾಲು ಚಾಚಿ ಕೂತಿದ್ದರು. ತೂಬಿನೊಳಗಿನ ಊರಲ್ಲಿ ನಿಧಿ ಇದೆ ಎಂದು ಹೇಳಿ ಆಟ ಶುರುಮಾಡಿದಳು. ಈ ಸಲ ಅಣ್ಣನಿಗೆ ಹಗ್ಗ ಸಿಕ್ಕಿತು. ಅಜ್ಜಿ ನೆನೆಹಾಕಿದ ಅಕ್ಕಿ ಮುಟ್ಟಿ, "ಇನ್ನೂ ಹಳಸಿಲ್ವಲ್ಲೇ, ಇಲ್ಲೇ ಎಲ್ಲೋ ಅವ್ರೆ ಜನ" ಅಂದಳು. ಹಾಗೆ ಕೊನೇ ಮನೆಗೆ ಬಂದರು. ಪದ್ಮಶ್ರೀ ಮಗ್ಗವನ್ನು ಬಣ್ಣಿಸಿದಳು.

"ಹಾಸು ಯಾವ ಬಣ್ಣ?"

ಕೇಳಿದವರು ಅಪ್ಪ. ಉದ್ದಕ್ಕೆ ಹಾಸಿದ ಎಳೆಗಳ ಬಣ್ಣವನ್ನು ಅವಳು ಯೋಚಿಸಿಯೇ ಇರಲಿಲ್ಲ. ಆದರೂ ಕಣ್ಣೆದುರಿಗೆ ಇತ್ತು. "ಅರಿಶಿನ, ಅಪ್ಪಾ. ಅಂಚು ಕೆಂಪು."

"ಎಳೆ ಕಡಿದಿದೆಯಾ?"

"ಇಲ್ಲ. ಲಾಳಿ ಅಲ್ಲೇ ಇದೆ." ಅವಳು ಕವಡೆಗಳನ್ನು ಅಪ್ಪನ ಕಡೆ ಸರಿಸಿದಳು. "ನೀವೇನ್ ಮಾಡ್ತೀರಾ?"

ಅಪ್ಪ ಮಂಡಿ ಎತ್ತಿ, ಪಾದಗಳನ್ನು ಚಾಪೆಯ ಮೇಲೆ ಊರಿ ಮುಂದೆ ಸರಿದರು. "ಕೂತ್ಕೋತೀನಿ. ನೇಯ್ತೀನಿ."

ಕವಡೆ ಹಾಕಿದರು. ಎಲ್ಲವೂ ಬಾಯ್ತೆರೆದು ಬಿದ್ದವು. ಕೈಮಗ್ಗ ಬಿಟ್ಟು ಎಷ್ಟೋ ವರ್ಷವಾಗಿದ್ದ ಅವರ ಬಲಗೈ ಗಾಳಿಯಲ್ಲಿ ಲಾಳಿ ಎಸೆಯಿತು, ಎಡಗೈ ಹಿಡಿಯಿತು. ಪಾದಗಳು ಚಾಪೆಯನ್ನು ಒಂದಾದ ಮೇಲೊಂದು ತುಳಿದವು. ಅಣ್ಣ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಜ್ಜಿ ಕಣ್ಣು ಮುಚ್ಚಿಕೊಂಡು, "ಇದೇ ಸದ್ದು, ನಿಮ್ಮ ತಾತಂದೂ ಹಿಂಗೇ ಇತ್ತು" ಎಂದಳು. ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಆದರೆ ಪದ್ಮಶ್ರೀಗೂ ಅದು ಕೇಳಿಸುತ್ತಿತ್ತು. ಊರವರು ಕಾಯುತ್ತಿದ್ದದ್ದು ಏತಕ್ಕೆಂದು ಅವಳಿಗೆ ಗೊತ್ತಾಯಿತು.

"ಸದ್ದು ಬೀದಿಗೆ ಹೋಗ್ತಿದೆ" ಎಂದಳು. "ಒಂದೊಂದೇ ಬಾಗಿಲ ಚಿಲಕ ಸರೀತಿದೆ."

ಎಲ್ಲರೂ ಚಾಪೆಯಾಚೆಯ ಬರಿಯ ನೆಲವನ್ನು ನೋಡಿದರು. ನಿಧಿಯ ನೆನಪು ಯಾರಿಗೂ ಇರಲಿಲ್ಲ.

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಪಿಳ್ಳಮ್ಮ ಹೊಸ್ತಿಲಲ್ಲೇ ನಿಂತಳು. "ಏನ್ರೀ ಇದು? ಯಾರಿಗ್ ಕಾಯ್ತಾ ಕೂತಿದೀರಾ?"

"ಶ್" ಎಂದಳು ಅಜ್ಜಿ. "ಬಾಗಿಲು ತೆಗೀತಾ ಅವ್ರೆ."

ಪಿಳ್ಳಮ್ಮ ಅವರು ನೋಡುತ್ತಿದ್ದ ಕಡೆಗೇ ನೋಡಿದಳು. ಆಮೇಲೆ ಬಟ್ಟಲನ್ನು ಸದ್ದಾಗದ ಹಾಗೆ ಕೆಳಗಿಟ್ಟು, ಸೆರಗು ಹೊದ್ದು, ಚಾಪೆಯ ಅಂಚಿಗೆ ಬಂದು ಕೂತಳು.